ಹಳೇ ಕಾರು, ಹೊಸ ಶಾಕ್

ರಸ್ತೆ ಉಬ್ಬು ಹೇಗಿರಬೇಕು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಗೊತ್ತುಮಾಡಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದ ಗಾಡಿ ನಯವಾಗಿ ಏರಿ ಇಳಿಯಲಿ ಎಂಬ ಲೆಕ್ಕ ಅದು. ವೈಟ್‌ಫೀಲ್ಡಿನ ಒಳರಸ್ತೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿ ಹಿಂಬದಿಯ ದೊಡ್ಡತೋಗೂರಿನ ಕಡೆ, ಪೀಣ್ಯದ ಕ್ರಾಸುಗಳಲ್ಲಿ ಎದುರಾಗುವ ಎಷ್ಟೋ ಹಂಪುಗಳಿಗೆ ಈ ಎತ್ತರವೇನೋ ಇದೆ, ಅಗಲ ಮಾತ್ರ ಒಂದು ಹೆಜ್ಜೆ. ಸಾಲದ್ದಕ್ಕೆ ನೀರಿನ ಟ್ಯಾಂಕರುಗಳ ಭಾರಕ್ಕೆ ಕುಸಿದ ಡಾಂಬರು, ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ ಪಟ್ಟಿ, ಲಾರಿ ಚಕ್ರ ಹರಿದು ಬಿದ್ದ ಜಾಡು. ಇಂಥ ರಸ್ತೆಯಲ್ಲಿ ಹತ್ತು ಹದಿನೈದು ವರ್ಷ ಓಡಿಯೂ ಎಂಜಿನ್ ಗಟ್ಟಿಯಾಗಿರುವ ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊಗಳಿಗೆ ಈ ಭಾಗದಲ್ಲಿ ಬರವಿಲ್ಲ. ಅವುಗಳಲ್ಲಿ ಸವೆದಿರುವುದು ಕಣ್ಣಿಗೆ ಬೀಳದ ಜಾಗದಲ್ಲಿ, ಚಕ್ರದ ಹಿಂದೆ. ಆ ಸವೆತವನ್ನು ‘ಸ್ವಲ್ಪ ಕುಲುಕುತ್ತೆ ಅಷ್ಟೆ’ ಎಂದು ಮುಂದಕ್ಕೆ ಹಾಕುವುದು ರೂಢಿ. ಹಾಗೆ ಮುಂದಕ್ಕೆ ಹಾಕುವವರು ಶಾಕ್ ಅಬ್ಸಾರ್ಬರನ್ನು ಸೀಟು, ಏಸಿಗಳ ಸಾಲಿಗೆ ಸೇರಿಸಿದ್ದಾರೆ. ಅದು ಸೇರಬೇಕಾದದ್ದು ಬ್ರೇಕು, ಟೈರುಗಳ ಸಾಲಿಗೆ.

ಮೊದಲು ಎರಡು ಬಿಡಿಭಾಗಗಳ ಕೆಲಸವನ್ನು ಬೇರೆ ಮಾಡಿ ನೋಡಬೇಕು. ಕಾರಿನ ಭಾರ ಹೊರುವುದು ಸ್ಪ್ರಿಂಗು. ಚಕ್ರ ಗುಂಡಿಗೆ ಇಳಿದಾಗಲೂ ಉಬ್ಬು ಏರಿದಾಗಲೂ ಹೊಡೆತವನ್ನು ನುಂಗಿಕೊಳ್ಳುವುದೂ ಅದೇ. ಆದರೆ ಸ್ಪ್ರಿಂಗು ನುಂಗಿದ್ದನ್ನು ಇಟ್ಟುಕೊಳ್ಳುವುದಿಲ್ಲ, ಹಾಗೇ ವಾಪಸ್ ಕೊಡುತ್ತದೆ. ಆ ವಾಪಸಾತಿಗೆ ಕಡಿವಾಣ ಹಾಕುವುದು ಶಾಕ್ ಅಬ್ಸಾರ್ಬರ್. ಬ್ಯಾಂಕಿನ ಬಾಗಿಲ ನೆತ್ತಿಗೆ ಕೂರಿಸಿರುವ ಡೋರ್ ಕ್ಲೋಸರ್‌ನಲ್ಲಿ ಸ್ಪ್ರಿಂಗು ಬಾಗಿಲನ್ನು ಎಳೆದರೆ ಒಳಗಿನ ಎಣ್ಣೆ ಅದು ಧಡಾರನೆ ಬಡಿಯದಂತೆ ತಡೆಯುತ್ತದಲ್ಲ, ಕೆಲಸ ಅದೇ. ಕೊಳವೆಯೊಳಗಿನ ಪಿಸ್ಟನ್ ಸಣ್ಣ ಕವಾಟಗಳ ಮೂಲಕ ಎಣ್ಣೆಯನ್ನು ತೂರಿಸುತ್ತದೆ. ಕುಲುಕಾಟದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗು, ಶಾಕ್ ಎರಡೂ ಒಂದೇ ಕಂಬದಲ್ಲಿ ಸೇರಿರುತ್ತವೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಸ್ಟ್ರಟ್ 1950ರ ಹೊತ್ತಿಗೆ ಫೋರ್ಡ್ ಕಾರುಗಳಲ್ಲಿ ಬಂತು. ಜಾಗ ಕಡಿಮೆ, ಖರ್ಚೂ ಕಡಿಮೆ ಎಂಬ ಕಾರಣಕ್ಕೆ ಮಾರುತಿ 800ರಿಂದ ಹಿಡಿದು ಬಹುಪಾಲು ಸಣ್ಣ ಕಾರುಗಳಿಗೆ ಅದೇ ಗತಿಯಾಯಿತು. ಇದರಲ್ಲಿ ಒಂದು ತೊಡಕಿದೆ. ಸ್ಟ್ರಟ್ ಬರೀ ಕುಲುಕಾಟ ತಡೆಯುವುದಿಲ್ಲ, ಚಕ್ರವನ್ನು ನೆಟ್ಟಗೆ ಹಿಡಿದಿಡುವ ಕಂಬವೂ ಅದೇ. ಹಾಗಾಗಿ ಅದು ಸವೆದರೆ ಸ್ಟೀರಿಂಗಿಗೂ ಬಿಸಿ ತಟ್ಟುತ್ತದೆ.

ಈಗ ಬ್ರೇಕಿನ ಮಾತು. ಕಾರಿನ ದೇಹ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ತೂಗುತ್ತದೆ. ಚಕ್ರ ಮಾತ್ರ ತನ್ನ ಪಾಡಿಗೆ ಸೆಕೆಂಡಿಗೆ ಹತ್ತು ಹದಿನೈದು ಸಲ ಅದುರಬಲ್ಲದು. ಶಾಕ್ ಚೆನ್ನಾಗಿದ್ದರೆ ಎರಡೂ ಒಂದು ಸುತ್ತಿನಲ್ಲೇ ತಣ್ಣಗಾಗುತ್ತವೆ. ಶಾಕ್ ಹೋಗಿದ್ದರೆ ತೂಗಾಟ ಎರಡು ಮೂರು ಸುತ್ತು ಮುಂದುವರಿಯುತ್ತದೆ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಆ ವೇಗದಲ್ಲಿ ಒಂದು ತೂಗಾಟ ಮುಗಿಯುವಷ್ಟರಲ್ಲಿ ಕಾರು 13ರಿಂದ 20 ಮೀಟರ್ ಮುಂದೆ ಹೋಗಿರುತ್ತದೆ; ಮೂರು ತೂಗಿದರೆ 50 ಮೀಟರಿನ ಆಸುಪಾಸು. ಅಷ್ಟು ದೂರವೂ ಟೈರು ಒಂದು ಗಳಿಗೆ ನೆಲವನ್ನು ಜೋರಾಗಿ ಒತ್ತುತ್ತದೆ, ಇನ್ನೊಂದು ಗಳಿಗೆ ಹಗುರಾಗುತ್ತದೆ. ಹಗುರಾದ ಗಳಿಗೆಯಲ್ಲೇ ಬ್ರೇಕ್ ಒತ್ತಿದರೆ ಚಕ್ರ ಸುಲಭವಾಗಿ ಲಾಕ್ ಆಗಿ ಜಾರುತ್ತದೆ. ಹಾಗೆ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ; ಅದಕ್ಕೂ ಹಿಂದಿನ ಅಗ್ಗದ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಆ ರಕ್ಷಣೆ ಇಲ್ಲ. ಎಬಿಎಸ್ ಇದ್ದರೂ ಹಗುರಾದ ಚಕ್ರದ ಬ್ರೇಕನ್ನು ಅದು ಸಡಿಲ ಬಿಡಲೇಬೇಕು, ಕಾರು ಅಷ್ಟು ದೂರ ಮುಂದೆ ಹೋಗಿಯೇ ನಿಲ್ಲಬೇಕು. ಯುರೋಪಿನ ಶಾಕ್ ಅಬ್ಸಾರ್ಬರ್ ತಯಾರಕರ ಒಕ್ಕೂಟ ರೂಪಿಸಿದ ಪರೀಕ್ಷೆ ಅಳೆಯುವುದೂ ಇದನ್ನೇ. ಚಕ್ರದಡಿಯ ತಟ್ಟೆಯನ್ನು ಸೆಕೆಂಡಿಗೆ 25 ಸಲ ಅದುರಿಸಿ, ವೇಗ ತಗ್ಗಿಸುತ್ತ ಹೋಗಿ, ಟೈರಿನ ಒತ್ತಡ ಅತಿ ಕಡಿಮೆ ಎಷ್ಟಕ್ಕೆ ಇಳಿಯಿತು ಎಂದು ನೋಡುತ್ತಾರೆ. ನಿಂತಾಗಿನ ಭಾರದ ಶೇ 20ಕ್ಕಿಂತ ಕೆಳಗಿಳಿದರೆ ಫಲಿತಾಂಶ ಕೆಟ್ಟದ್ದು. ಒಳಗೆ ಕೂತವರಿಗೆ ಎಷ್ಟು ಹಿತವಾಗಿತ್ತು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಇಷ್ಟು ಮುಖ್ಯವಾದ ಭಾಗ ಕೆಟ್ಟರೆ ಓಡಿಸುವವರಿಗೆ ತಿಳಿಯಬೇಡವೇ? ತಿಳಿಯುವುದಿಲ್ಲ, ಅದಕ್ಕೆ ಕಾರಣ ಎರಡು. ಸವೆತ ದಿನಕ್ಕಿಷ್ಟಿಷ್ಟೇ ಆಗುವುದರಿಂದ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಎರಡನೆಯದು ಬೆಂಗಳೂರಿನ ಹೊರವಲಯಕ್ಕೇ ಅಂಟಿದ್ದು: ಇಲ್ಲಿನ ಟ್ರಾಫಿಕ್ಕೇ ದೋಷವನ್ನು ಮುಚ್ಚಿಡುತ್ತದೆ. ಮಾರತಹಳ್ಳಿಯಿಂದ ವೈಟ್‌ಫೀಲ್ಡಿಗೆ ಆಮೆವೇಗದಲ್ಲಿ ತೆವಳುವ ಕಾರಿಗೆ ಶಾಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನಿಸುತ್ತದೆ. ಅದೇ ಕಾರು ಭಾನುವಾರ ಹೊಸೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಹೊರಟಾಗ, ಇಲ್ಲವೇ 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಸುಮಾರು ಹತ್ತು ಕಿಲೋಮೀಟರ್ ಉದ್ದಕ್ಕೂ ಜಾಯಿಂಟುಗಳನ್ನು ಒಂದೊಂದಾಗಿ ದಾಟುವಾಗ ನಿಜ ಹೊರಬೀಳುತ್ತದೆ. ಪ್ರತಿ ಜಾಯಿಂಟಿನ ನಂತರ ಮೂತಿ ಒಮ್ಮೆ ಎದ್ದು ಕೂತು ಸುಮ್ಮನಾಗಬೇಕು. ಮುಂದಿನ ಜಾಯಿಂಟು ಬರುವ ತನಕವೂ ತೂಗುತ್ತಿದ್ದರೆ ಶಾಕ್ ಮುಗಿದಂತೆ. ‘ನಿಧಾನಕ್ಕೆ ಓಡಿಸ್ತೀನಿ, ನನಗೆ ಯಾಕೆ’ ಎಂಬ ವಾದ ಸೋಲುವುದೂ ಇಲ್ಲೇ. ನಿಧಾನದ ಐದು ದಿನಗಳಿಗೆ ಶಾಕ್ ಬೇಕಿಲ್ಲದಿರಬಹುದು; ವೇಗದ ಆರನೆಯ ದಿನ ಮನೆಮಂದಿಯೆಲ್ಲ ಕಾರಿನಲ್ಲಿರುತ್ತಾರೆ. ಆಲ್ಟೊದಂಥ ಕಾರಿನ ತೂಕ ಸುಮಾರು 700 ಕಿಲೊ. ತಲೆಗೆ 65 ಕಿಲೊದಂತೆ ಐದು ಜನ ಕೂತರೆ 325 ಕಿಲೊ, ಅಂದರೆ ಕಾರಿನ ಅರ್ಧದ ಹತ್ತಿರ. ದೊಡ್ಡ ಕಾರಿನಲ್ಲಿ ಲೆಕ್ಕಕ್ಕೇ ಬಾರದ ಹೊರೆ ಸಣ್ಣ ಕಾರಿನ ನಡತೆಯನ್ನೇ ಬದಲಿಸಿಬಿಡುತ್ತದೆ.

‘ಎಣ್ಣೆ ಸೋರುತ್ತಿಲ್ಲವಲ್ಲ’ ಎಂಬುದು ಇನ್ನೊಂದು ಸಮಾಧಾನ. ಸೋರಿದರೆ ಶಾಕ್ ಹೋಯಿತು ಎಂಬುದು ಖಂಡಿತ. ಸೋರದಿದ್ದರೆ ಚೆನ್ನಾಗಿದೆ ಎಂದೇನೂ ಅಲ್ಲ. ಒಳಗೆ ಕವಾಟ, ಪಿಸ್ಟನ್ ಸೀಲು ಸವೆದಿರಬಹುದು, ಎಣ್ಣೆ ಹಳತಾಗಿರಬಹುದು, ತುಂಬಿದ್ದ ಗ್ಯಾಸ್ ಹೋಗಿರಬಹುದು. ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆಯೂ ಪೂರ್ತಿ ಸತ್ತ ಶಾಕನ್ನಷ್ಟೇ ಹಿಡಿಯುತ್ತದೆ. ಅರೆಜೀವದ ಶಾಕ್ ಕೈಯ ನಿಧಾನದ ಒತ್ತಿಗೆ ಪಾಸಾಗಿಬಿಡುತ್ತದೆ. ಹೆಚ್ಚು ನಂಬಬಹುದಾದ ಸಾಕ್ಷಿ ಟೈರಿನಲ್ಲಿದೆ. ಟೈರಿನ ಮೈಮೇಲೆ ಅಂಗೈ ಇಟ್ಟು ಸುತ್ತಲೂ ಸವರಿದರೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಮತ್ತೆ ಉಬ್ಬು ಹೀಗೆ ಅಲೆಯಂತೆ ಕೈಗೆ ಸಿಕ್ಕಿದರೆ ಆ ಚಕ್ರ ನೆಲದ ಮೇಲೆ ಓಡುವ ಬದಲು ಕುಪ್ಪಳಿಸುತ್ತ ಬಂದಿದೆ ಎಂದರ್ಥ. ಬ್ರೇಕ್ ಒತ್ತಿದಾಗ ಮೂತಿ ಮಿತಿಮೀರಿ ಬಾಗುವುದು, ತಿರುವಿನಲ್ಲಿರುವ ಗುಂಡಿಗೆ ಹಿಂಭಾಗ ಪಕ್ಕಕ್ಕೆ ಹಾರುವುದು ಇನ್ನೆರಡು ಗುರುತು. ‘ಕಟ್ ಕಟ್’ ಸದ್ದು ಮಾತ್ರ ಬೇರೆ ಕಥೆ. ಅದು ಬಹಳ ಸಲ ಶಾಕಿನದಲ್ಲ. ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಮೇಲಿನ ಮೌಂಟ್ ಇವುಗಳದ್ದು. ಸದ್ದು ಕೇಳಿದೊಡನೆ ಶಾಕ್ ಬದಲಿಸಿ, ಸದ್ದು ಹಾಗೇ ಉಳಿದು, ‘ಶಾಕ್ ಹಾಕಿಸಿದ್ದೇ ದಂಡ’ ಎನ್ನುವವರ ಅನುಭವ ನಿಜವೇ. ಅಲ್ಲಿ ತಪ್ಪಿದ್ದು ರೋಗದ ಪತ್ತೆ.

ಸ್ಪ್ರಿಂಗಿನ ವಿಷಯದಲ್ಲಿ ಇಷ್ಟು ಆತುರ ಬೇಡ. ಶಾಕ್ ಹಳತಾಯಿತೆಂದರೆ ಸ್ಪ್ರಿಂಗೂ ಹೋಯಿತೆಂದು ನಾಲ್ಕನ್ನೂ ಬರೆದುಕೊಡುವ ಗ್ಯಾರೇಜುಗಳಿವೆ. ಉಕ್ಕಿನ ಸ್ಪ್ರಿಂಗು ವಯಸ್ಸಾದಂತೆ ಮೆತ್ತಗಾಗುವುದಿಲ್ಲ. ಅತಿಭಾರ ಹೊತ್ತು ಹೊತ್ತು ಕುಗ್ಗಬಹುದು, ಇಲ್ಲವೇ ತುಕ್ಕು ತಿಂದು ಕೊನೆಯ ಸುತ್ತು ಮುರಿಯಬಹುದು. ಎರಡನ್ನೂ ಟೇಪು ಹಿಡಿದೇ ಕಂಡುಹಿಡಿಯಬಹುದು. ಸಮನೆಲದಲ್ಲಿ ಖಾಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನ ತನಕ ನಾಲ್ಕೂ ಕಡೆ ಅಳೆಯಿರಿ. ಎಡಬಲದ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ, ಅಥವಾ ಎರಡೂ ಕಡೆ ಕೂತುಹೋಗಿ ಸಣ್ಣ ಹಂಪಿಗೂ ಹೊಟ್ಟೆ ಒರೆಸುತ್ತಿದ್ದರೆ ಸ್ಪ್ರಿಂಗು ಬದಲಿಸಿ. ಇಲ್ಲವಾದರೆ ಹಳೆಯದೇ ಸಾಕು. ಕುಗ್ಗಿದ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕುವ ಉಪಾಯ ಜನಪ್ರಿಯವಾಗಿದೆ. ಅದರಿಂದ ಕಾರು ಎತ್ತರವಾಗುವುದು ನಿಜ. ಆದರೆ ರಬ್ಬರು ಕೂತ ಜಾಗದಲ್ಲಿ ಸ್ಪ್ರಿಂಗು ಆಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಭಾರ ಹೆಚ್ಚುತ್ತದೆ, ಸವೆದ ಶಾಕಿಗೆ ಕೆಲಸ ಇನ್ನಷ್ಟು ಬಿಗಿಯಾಗುತ್ತದೆ.

ಕೆಲಸ ಮಾಡಿಸುವಾಗ ಜಿಪುಣತನ ತೋರಬಾರದ ಜಾಗಗಳಿವೆ. ಶಾಕನ್ನು ಜೋಡಿಯಾಗಿಯೇ ಬದಲಿಸಬೇಕು: ಮುಂದಿನ ಎರಡು ಒಟ್ಟಿಗೆ, ಹಿಂದಿನ ಎರಡು ಒಟ್ಟಿಗೆ. ಎಡಕ್ಕೆ ಹೊಸದು ಬಲಕ್ಕೆ ಹಳೆಯದು ಇದ್ದರೆ ಗುಂಡಿ ಸಿಕ್ಕಾಗ ಎರಡು ಚಕ್ರ ಎರಡು ರೀತಿ ವರ್ತಿಸುತ್ತವೆ. ಸ್ಟ್ರಟ್ ಬಿಚ್ಚಿದ ಮೇಲೆ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಇವನ್ನೂ ನೋಡಿ ಹೊಸದು ಹಾಕುವುದು ಲೇಸು. ಬೂಟ್ ಹರಿದಿದ್ದರೆ ಪೀಣ್ಯದ ಧೂಳು ಹೊಸ ಶಾಕಿನ ರಾಡನ್ನೂ ಉಜ್ಜಿಹಾಕುತ್ತದೆ. ಹಳೇ ಮಾರುತಿ 800, ಆಲ್ಟೊಗಳಲ್ಲಿ ಸ್ಟೆಬಿಲೈಸರ್ ಬಾರೇ ಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತದೆ. ಅದರ ಬುಷ್ ಹೋಗಿದ್ದರೆ ಎಂಥ ಶಾಕ್ ಹಾಕಿದರೂ ಬ್ರೇಕ್ ಒತ್ತಿದಾಗ ಕಾರು ಎಳೆಯುತ್ತದೆ. ಬುಷ್‌ಗಳ ಬೋಲ್ಟನ್ನು ಕಡೆಯ ಬಿಗಿ ಮಾಡುವುದು ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆ. ಜಾಕಿ ಮೇಲಿರುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಸ್ಪ್ರಿಂಗನ್ನು ಕಂಪ್ರೆಸರ್‌ನಿಂದ ಹಿಡಿದಿಡದೆ ಸ್ಟ್ರಟ್ಟಿನ ನಟ್ಟು ಬಿಚ್ಚುವುದು ಪ್ರಾಣಕ್ಕೇ ಅಪಾಯ, ಮನೆಯಂಗಳದ ಪ್ರಯೋಗಕ್ಕೆ ಇದು ತಕ್ಕದ್ದಲ್ಲ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಬಿಡಿಭಾಗ ಸಿಗುವುದಿಲ್ಲ ಎಂಬ ನೆಪವೂ ನಡೆಯದು: 1961ರಿಂದ ಇರುವ ಗೇಬ್ರಿಯಲ್ ಇಂಡಿಯಾ ಕಂಪನಿಯ ಒಂದು ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟಿಯಿಂದ ಅದೇ ರಸ್ತೆಯಲ್ಲಿ ಮುಂದೆ ಹೊಸೂರಿನಲ್ಲೇ ಇದೆ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಳೇ ಮಾದರಿಗಳ ಸಾಮಾನು ಬಿಲ್ಲಿನೊಂದಿಗೆ ದೊರೆಯುತ್ತದೆ. ಗುಜರಿಯಿಂದ ತಂದು, ಎಣ್ಣೆ ತುಂಬಿ, ಬಣ್ಣ ಬಳಿದ ‘ರೀಕಂಡೀಷನ್’ ಶಾಕಿನಿಂದ ದೂರವಿರಿ. ಬಣ್ಣ ಎಷ್ಟೇ ಹೊಸದಾದರೂ ಒಳಗಿನ ಕವಾಟ ಹಳೆಯದೇ.

ಉಳಿದದ್ದು ಎರಡು ಗಟ್ಟಿ ಆಕ್ಷೇಪ. ರಸ್ತೆ ಸರಿಮಾಡಬೇಕಾದವರು ಸರ್ಕಾರದವರು, ಅವರ ತಪ್ಪಿಗೆ ನಾವೇಕೆ ದುಡ್ಡು ತೆರಬೇಕು ಎಂಬುದು ಒಂದು. ನ್ಯಾಯವಾದ ಸಿಟ್ಟೇ. ಹಂಪಿನ ಅಳತೆ ಕಾಗದದಲ್ಲಿದ್ದೂ ರಸ್ತೆಗೆ ಇಳಿಯದಿರುವುದನ್ನು ಕೇಳಲೇಬೇಕು. ಆದರೆ ರಸ್ತೆ ಕೆಟ್ಟಷ್ಟೂ ಟೈರನ್ನು ನೆಲಕ್ಕೆ ಹಿಡಿದಿಡುವ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಎರಡನೆಯದು, ಮಾರಿದರೆ ಚಿಕ್ಕಾಸೂ ಬಾರದ ಕಾರಿಗೆ ಇಷ್ಟು ಸುರಿಯಬೇಕೇ ಎಂಬುದು. ಇಲ್ಲಿ ಹೋಲಿಸಬೇಕಾದದ್ದು ಕಾರಿನ ಮಾರಾಟ ಬೆಲೆಯೊಂದಿಗಲ್ಲ, ಅದು ಮುಂದೆ ಓಡಲಿರುವ ವರ್ಷಗಳೊಂದಿಗೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕ ಜಾರಿಗೆ ಬಂತು, ಹಸಿರು ತೆರಿಗೆ ಬೇರೆ. ಸಿಗುವುದು ಐದು ವರ್ಷ. ಹೊಸ ಪೆಟ್ರೋಲ್ ಕಾರು ಕೊಂಡರೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆಯೊಂದೇ ಬೆಲೆಯ ಶೇ 13ರಿಂದ ಶುರು. ನಾಲ್ಕು ಶಾಕ್, ಮೌಂಟ್, ಬುಷ್, ಕೂಲಿ ಎಲ್ಲ ಸೇರಿದರೂ ನಾಲ್ಕು ಹೊಸ ಟೈರು ಹಾಕಿಸುವ ಖರ್ಚಿನ ಆಸುಪಾಸು. ಸವೆದ ಟೈರಿಗೆ ಯಾರೂ ಈ ಆಕ್ಷೇಪ ಎತ್ತುವುದಿಲ್ಲ. ಒಂದು ವಿನಾಯಿತಿ ಉಂಟು: ಸ್ಟ್ರಟ್ ಕೂರುವ ತಗಡೇ ತುಕ್ಕು ಹಿಡಿದು ಲಡ್ಡಾಗಿದ್ದರೆ ಅಂಥ ಕಾರಿಗೆ ಹೊಸ ಶಾಕ್ ವ್ಯರ್ಥ, ಅದನ್ನು ಗುಜರಿಗೆ ಕೊಡುವುದೇ ಸರಿ. ತಗಡು ಗಟ್ಟಿಯಿದ್ದು, ಇನ್ನೈದು ವರ್ಷ ಓಡಿಸಬೇಕೆಂದು ಆರ್‌ಸಿ ನವೀಕರಿಸಿದವರು ಅದೇ ತಿಂಗಳು ಕಾರನ್ನು ಲಿಫ್ಟಿಗೆ ಏರಿಸಿ ನಾಲ್ಕೂ ಚಕ್ರದ ಹಿಂದೆ ಟಾರ್ಚು ಹಿಡಿಸಲಿ. ಮುಂದಿನ ಜೊತೆ ಟೈರಿಗೆ ದುಡ್ಡು ಕೊಡುವ ಮೊದಲೇ ಆ ಕೆಲಸ ಆಗಲಿ. ಸತ್ತ ಶಾಕಿನ ಮೇಲೆ ಕೂರಿಸಿದ ಹೊಸ ಟೈರೂ ಅದೇ ಅಲೆಯಲ್ಲಿ ಸವೆಯುತ್ತದೆ.