ಅಳೆಯುವ ಉಪಕರಣಕ್ಕೂ ಅಳತೆ ಬೇಕು

ಅಂಗಡಿಯ ತಕ್ಕಡಿ ಮತ್ತು ತೂಕದ ಬಟ್ಟುಗಳ ಮೇಲೆ ಸರ್ಕಾರದ ಮುದ್ರೆ ಇರಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ರೇಡಿಯೋ ಸಾಧನಗಳನ್ನು ಪರೀಕ್ಷಿಸುವ ಉಪಕರಣಗಳಿಗೂ ಇಂತಹುದೇ ತಪಾಸಣೆ ಅಗತ್ಯ. ಇದನ್ನು ಮಾಪನಾಂಕ ನಿರ್ಣಯ ಅಥವಾ ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಇದರ ಮಹತ್ವವೇನು?

ಮುಂಬಯಿಯ ಸಸೂನ್ ಡಾಕ್, ವರ್ಸೋವಾ ಮೊದಲಾದ ಕಡೆಗಳಿಂದ ಮೀನುಗಾರಿಕೆಯ ದೋಣಿಗಳು ಅರಬ್ಬೀ ಸಮುದ್ರಕ್ಕೆ ತೆರಳುತ್ತವೆ. ಕಡಲಿನಲ್ಲಿ ಸಂಕಟದ ಕರೆಗಾಗಿ 156.8 ಮೆಗಾಹರ್ಟ್ಸ್ ಕಂಪನಾಂಕದ 16ನೆಯ ವಿ.ಎಚ್.ಎಫ್. ಚಾನೆಲನ್ನು ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಲಾಗಿದೆ. ದೂರದ ಕರೆ ರಿಸೀವರನ್ನು ತಲುಪುವ ವೇಳೆಗೆ ಅತ್ಯಂತ ಕ್ಷೀಣವಾಗಿರುತ್ತದೆ. ಅಂತಹ ಸಂಕೇತವನ್ನು ರಿಸೀವರ್ ಗ್ರಹಿಸಬಲ್ಲುದೇ ಎಂದು ತಿಳಿಯಲು ಕಾರ್ಯಾಗಾರಗಳಲ್ಲಿ ಸಿಗ್ನಲ್ ಜನರೇಟರ್ ಎಂಬ ಉಪಕರಣದಿಂದ ಗೊತ್ತಾದ ಮಟ್ಟದ ಸಂಕೇತವನ್ನು ಅದಕ್ಕೆ ನೀಡಲಾಗುತ್ತದೆ.

ಈ ಮಟ್ಟವನ್ನು ಡಿಬಿಎಂ ಎಂಬ ಮಾನದಲ್ಲಿ ಸೂಚಿಸುವುದು ರೂಢಿ. ಒಂದು ಮಿಲಿವಾಟ್ ಶಕ್ತಿಯೇ 0 ಡಿಬಿಎಂ. ಪ್ರತಿ 10 ಡೆಸಿಬೆಲ್ ಇಳಿಕೆಗೆ ಶಕ್ತಿಯು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. 50 ಓಮ್ ರೋಧದಲ್ಲಿ ಒಂದು ಮೈಕ್ರೋವೋಲ್ಟ್ ಎಂದರೆ ಸುಮಾರು -107 ಡಿಬಿಎಂ. ಉಪಕರಣದ ಫಲಕ -107 ಎಂದು ತೋರಿಸುತ್ತಿರುವಾಗ ವಾಸ್ತವವಾಗಿ -104 ಡಿಬಿಎಂ ಹೊರಬರುತ್ತಿದ್ದರೆ, ಶಕ್ತಿಯು ಸುಮಾರು ಎರಡರಷ್ಟಾಗಿರುತ್ತದೆ. ಆಗ ಸಂವೇದನೆ ಕುಂದಿದ ರಿಸೀವರ್ ಕೂಡ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಕಾರ್ಯಾಗಾರದಲ್ಲಿ ಕಾಣದ ಈ ದೋಷ ಬಯಲಾಗುವುದು ಕಡಲಿನಲ್ಲಿ, ಕರೆ ಕೇಳಿಸದೆ ಹೋದಾಗ.

ನಿರ್ಣಯದ ವಿಧಾನ

ಉಪಕರಣವನ್ನು ಚಾಲನೆಗೊಳಿಸಿ, ತಯಾರಕರು ಸೂಚಿಸಿದಷ್ಟು ಕಾಲ ಕಾಯಿಸಿ ಸ್ಥಿರಗೊಳಿಸಬೇಕು. ಪವರ್ ಮೀಟರನ್ನು ಶೂನ್ಯಕ್ಕೆ ಹೊಂದಿಸಿ, ಪರಾಮರ್ಶನ ಸಂಕೇತದೊಂದಿಗೆ ತಾಳೆ ನೋಡಬೇಕು. ಬಳಿಕ ಅದರ ಸೆನ್ಸರನ್ನು ಜನರೇಟರಿನ ಹೊರದ್ವಾರಕ್ಕೆ ಸಾಧ್ಯವಾದಷ್ಟು ನೇರವಾಗಿ ಜೋಡಿಸಬೇಕು. ನಡುವೆ ಕೇಬಲ್ ಇದ್ದರೆ ಅದರ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇರೆ ಬೇರೆ ಕಂಪನಾಂಕಗಳಲ್ಲಿ ಅಳೆದು, ಸೆನ್ಸರಿನ ತಿದ್ದುಪಡಿ ಅಂಶವನ್ನು ಅನ್ವಯಿಸಬೇಕು. ಸಾಮಾನ್ಯ ಪವರ್ ಸೆನ್ಸರಿಗೆ ನಿಲುಕದ ಕ್ಷೀಣ ಮಟ್ಟಗಳನ್ನು ಮಾಪನ ರಿಸೀವರಿನಿಂದ ಅಳೆಯಲಾಗುತ್ತದೆ. ಮುಂಬಯಿಯಂತಹ ಕಡಲತೀರದ ನಗರದಲ್ಲಿ ತೇವ ಮತ್ತು ಉಪ್ಪುಗಾಳಿಯಿಂದ ಕನೆಕ್ಟರುಗಳು ಕೆಡದಂತೆ ವಿಶೇಷ ಎಚ್ಚರ ಅಗತ್ಯ.

ನಂಬಿಕೆಯ ಸರಪಳಿ

ಪವರ್ ಮೀಟರ್ ಸರಿಯೆಂಬುದಕ್ಕೂ ಆಧಾರ ಬೇಕಷ್ಟೆ. ಆದುದರಿಂದ ಅದನ್ನು ಮೇಲಿನ ಪ್ರಯೋಗಾಲಯದ ಮಾನಕದೊಂದಿಗೆ, ಆ ಮಾನಕವನ್ನು ಇನ್ನೂ ಮೇಲಿನದರೊಂದಿಗೆ ಹೋಲಿಸಲಾಗುತ್ತದೆ. ಭಾರತದಲ್ಲಿ ಈ ಸರಪಳಿಯ ತುದಿಯಲ್ಲಿರುವುದು ರಾಷ್ಟ್ರೀಯ ಮಾನಕಗಳನ್ನು ಕಾಯ್ದುಕೊಳ್ಳುವ ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಮುಂಬಯಿಯ ಉದ್ಯಮಗಳಿಗೆ ಅಂಧೇರಿ ಪೂರ್ವದ ಎಂ.ಐ.ಡಿ.ಸಿ. ಪ್ರದೇಶದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪ್ರಾದೇಶಿಕ ಪರೀಕ್ಷಾ ಪ್ರಯೋಗಾಲಯವಿದೆ. ಅದೇ ನಿರ್ದೇಶನಾಲಯದ ಇನ್ನೊಂದು ಪರೀಕ್ಷಾ ಕೇಂದ್ರ ಬೆಂಗಳೂರಿನ ಪೀಣ್ಯದಲ್ಲಿದೆ.

ಬಳಕೆದಾರರ ಹೊಣೆ

ಪ್ರಮಾಣಪತ್ರ ಪಡೆದು ಕಡತದಲ್ಲಿ ಇರಿಸಿದರೆ ಸಾಲದು. ಅದರಲ್ಲಿ ನಮೂದಾದ ದೋಷದ ಪ್ರಮಾಣ ಮತ್ತು ಅಳತೆಯ ಅನಿಶ್ಚಿತತೆಯನ್ನು ಓದಿ, ಉಪಕರಣವು ಕೈಯಲ್ಲಿರುವ ಕೆಲಸಕ್ಕೆ ತಕ್ಕುದೇ ಎಂದು ನಿರ್ಧರಿಸಬೇಕು. ದುರಸ್ತಿಗೆ ಮುನ್ನ ಕಂಡುಬಂದ ಅಳತೆಗಳನ್ನು ದಾಖಲಿಸುವಂತೆ ಕೋರಬೇಕು. ಉಪಕರಣ ತಪ್ಪುತ್ತಿತ್ತೆಂದು ತಿಳಿದಲ್ಲಿ, ಹಿಂದಿನ ನಿರ್ಣಯದ ನಂತರ ಅದರಿಂದ ತೇರ್ಗಡೆಯಾದ ರಿಸೀವರುಗಳನ್ನು ಮರಳಿ ತರಿಸಿ ಪರೀಕ್ಷಿಸುವುದು ಕಾರ್ಯಾಗಾರದ ಕರ್ತವ್ಯ.