ಹೃದಯದ ಅಂಗಾಂಶ ಕವಾಟ: ಅರ್ಜಿದಾರರಿಗೆ ಮಾಹಿತಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದಿಂದ ಹೃದಯ ಕವಾಟ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ನೆರವು ಕೋರುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿವರಣೆಯನ್ನು ನೀಡಲಾಗಿದೆ. ಕೃತಕ ಕವಾಟಗಳಲ್ಲಿ ಎರಡು ಬಗೆಗಳಿವೆ. ಒಂದು ಯಾಂತ್ರಿಕ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಅಭಿವೃದ್ಧಿಪಡಿಸಿ 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಚಿತ್ರಾ ಕವಾಟವು ಈ ಬಗೆಯದು. ಇನ್ನೊಂದು, ಹಂದಿಯ ಕವಾಟದಿಂದ ಅಥವಾ ದನದ ಹೃದಯದ ಹೊರಪೊರೆಯಿಂದ ತಯಾರಿಸಿದ ಅಂಗಾಂಶ ಕವಾಟ.

ಪ್ರಾಣಿಯ ಅಂಗಾಂಶವನ್ನು ಸಂಸ್ಕರಿಸದೆ ಅಳವಡಿಸಿದಲ್ಲಿ ಅದು ಬೇಗ ಶಿಥಿಲವಾಗುತ್ತದೆ. ದೇಹವೂ ಅದನ್ನು ಪರಕೀಯವೆಂದು ಎದುರಿಸುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಅಲೆನ್ ಕಾರ್ಪೆಂಟಿಯೆ ಅವರು 1960ರ ದಶಕದ ಕೊನೆಯಲ್ಲಿ ಗ್ಲುಟರಾಲ್ಡಿಹೈಡ್ ದ್ರಾವಣದಿಂದ ಸಂಸ್ಕರಿಸುವ ವಿಧಾನವನ್ನು ರೂಪಿಸಿದರು. ಹಸಿ ಚರ್ಮವನ್ನು ಹದ ಮಾಡುವುದಕ್ಕೆ ಇದನ್ನು ಹೋಲಿಸಬಹುದು: ಅಂಗಾಂಶದಲ್ಲಿನ ಕೊಲಾಜನ್ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಬಲಗೊಳ್ಳುತ್ತವೆ. ಆದರೆ ಇದೇ ರಾಸಾಯನಿಕದಿಂದ ಇನ್ನೊಂದು ತೊಡಕೂ ಉಂಟಾಗುತ್ತದೆ. ಉಳಿದುಹೋದ ಆಲ್ಡಿಹೈಡ್ ಹಾಗೂ ಜೀವಕೋಶಗಳ ಕೊಬ್ಬಿನಂಶವು ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತವೆ (ಶಹಾಬಾದ ಕಲ್ಲಿನಲ್ಲಿರುವುದೂ ಇದೇ ಧಾತು). ಕವಾಟದ ಎಸಳುಗಳು ಕ್ರಮೇಣ ಗಡುಸಾಗಿ ಹರಿಯುತ್ತವೆ. ಆದ್ದರಿಂದ ಈಗ ಆಲ್ಕೋಹಾಲ್ ಮುಂತಾದವುಗಳಿಂದ ಕೊಬ್ಬಿನಂಶವನ್ನು ತೆಗೆದು, ಉಳಿದ ಆಲ್ಡಿಹೈಡನ್ನು ನಿಷ್ಕ್ರಿಯಗೊಳಿಸಲಾಗುತ್ತಿದೆ. ಇಷ್ಟಾದರೂ ಇಂತಹ ಕವಾಟದ ಬಾಳಿಕೆ ಸಾಮಾನ್ಯವಾಗಿ 10ರಿಂದ 15 ವರ್ಷಗಳು. ವಯಸ್ಸಾದವರಲ್ಲಿ ಹೆಚ್ಚು, ಎಳೆಯರಲ್ಲಿ ಕಡಿಮೆ.

ಬಾಲ್ಯದ ಗಂಟಲು ಸೋಂಕಿನ ನಂತರ ಬರುವ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರು ಬಹುಪಾಲು ಕಿರಿಯ ವಯಸ್ಸಿನವರೇ ಆಗಿರುವುದರಿಂದ ಆಯ್ಕೆಯು ಸುಲಭವಲ್ಲ. ಯಾಂತ್ರಿಕ ಕವಾಟವು ದೀರ್ಘಕಾಲ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯನ್ನು ಜೀವನಪರ್ಯಂತ ಸೇವಿಸಿ, ಪಿ.ಟಿ.-ಐ.ಎನ್.ಆರ್. ರಕ್ತಪರೀಕ್ಷೆಯನ್ನು ನಿಯತವಾಗಿ ಮಾಡಿಸತಕ್ಕದ್ದು. ರೈಲು ಸಂಪರ್ಕವಿಲ್ಲದ ಚಿಂಚೋಳಿಯ ಹಳ್ಳಿಗಳವರು ಈ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು. ವಾರ್ಫರಿನ್ ಗರ್ಭಸ್ಥ ಶಿಶುವಿಗೆ ಹಾನಿಕರವಾಗಿರುವುದರಿಂದ, ಮಕ್ಕಳನ್ನು ಪಡೆಯಲು ಬಯಸುವ ಮಹಿಳೆಯರು ಸದರಿ ವಿಷಯವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಅಂಗಾಂಶವು ಯಾವ ಪ್ರಾಣಿಯದೆಂದು ಕೇಳಿ ತಿಳಿಯಲು ಸಂಕೋಚಪಡಬೇಕಾಗಿಲ್ಲ.

ಕಲಬುರಗಿಯ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಹೃದ್ರೋಗ ಚಿಕಿತ್ಸೆ ಲಭ್ಯವಿರುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಸಂಪರ್ಕಿಸಿ, ಪ್ಯಾಕೇಜಿನಲ್ಲಿ ಯಾವ ಕವಾಟ ಸೇರಿದೆಯೆಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಬಿಡುಗಡೆಯ ಸಮಯದಲ್ಲಿ ಕವಾಟದ ಹೆಸರು, ಅಳತೆ ಮತ್ತು ಕ್ರಮಸಂಖ್ಯೆಯುಳ್ಳ ಕಾರ್ಡನ್ನು ಪಡೆದು ಜೋಪಾನವಾಗಿಡಬೇಕು. ಮುಂದೆ ಹಲ್ಲು ಕೀಳಿಸುವಾಗಲೂ ಅದನ್ನು ದಂತವೈದ್ಯರಿಗೆ ತೋರಿಸಬೇಕು.