ಹಳೆಯ ಕಾರಿನ ಸ್ಟೀರಿಯೋದಲ್ಲಿ ಹೊಸ ಸಂಗೀತ: ದುರಸ್ತಿ ಕಸುಬಿಗೊಂದು ಅವಕಾಶ

ತಯಾರಿಕೆ ನಿಂತ ಮೇಲೂ ಬೇಡಿಕೆ ಕಳೆದುಕೊಳ್ಳದ ಸರಕುಗಳು ವಿರಳ. ಹಳೆಯ ಕಾರುಗಳು ಅಂತಹ ಸರಕುಗಳಲ್ಲಿ ಸೇರಿವೆ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ 2000ದ ಸುಮಾರಿಗೆ ನಿಂತಿತು. ಉತ್ತರಪಾರಾದ ಅಂಬಾಸಡರ್ ಹಾಗೂ 1983ರಲ್ಲಿ ರಸ್ತೆಗಿಳಿದ ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ಕೊನೆಗೊಂಡಿತು. ಆದರೂ ಇವುಗಳನ್ನು ಜತನದಿಂದ ಉಳಿಸಿಕೊಂಡವರು ಇದ್ದಾರೆ. ಅವರಲ್ಲಿ ಅನೇಕರದು ಒಂದೇ ಕೋರಿಕೆ: ಡ್ಯಾಶ್‌ಬೋರ್ಡಿನ ಹಳೆಯ ಸೆಟ್ಟನ್ನು ಕೀಳಬಾರದು, ಆದರೆ ಮೊಬೈಲಿನಲ್ಲಿರುವ ಹಾಡು ಅದರಲ್ಲಿಯೇ ಕೇಳಿಬರಬೇಕು. ತಿಮ್ಮಾಪುರ, ಮುಧೋಳ, ಜಮಖಂಡಿ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳ ಆಟೋ ಎಲೆಕ್ಟ್ರಿಕಲ್ ಅಂಗಡಿಗಳು ಈ ಕೋರಿಕೆಯನ್ನು ಗಂಭೀರವಾಗಿ ಪರಿಗಣಿಸುವುದು ಸೂಕ್ತ.

ಮೂಲರೂಪದ ಮೌಲ್ಯ

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. 50 ವರ್ಷ ಮೀರಿದ, ಚಾಸಿಸ್, ಬಾಡಿ ಹಾಗೂ ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲರೂಪದಲ್ಲಿರುವ ವಾಹನಗಳಿಗೆ ಅವು ಅನ್ವಯಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ನಿಗದಿಯಾಯಿತು. ರೇಡಿಯೋ ಬದಲಿಸಿದ ಮಾತ್ರಕ್ಕೆ ಈ ಅರ್ಹತೆ ತಪ್ಪಲಾರದು. ಆದರೆ ಕೊಳ್ಳುವವನ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಬೀಳದೆ ಇರುವುದಿಲ್ಲ.

ಹಳೆಯ ಸೆಟ್ಟುಗಳನ್ನು ಎರಡು ಗುಬುಟುಗಳ ದಂಡಗಳಿಗೆ ಕೊರೆದ ರಂಧ್ರಗಳಲ್ಲಿ ಕೂಡಿಸಲಾಗುತ್ತಿತ್ತು. ಇಂದಿನ ಸೆಟ್ಟಿಗೆ ಸುಮಾರು 182 ಮಿಲಿಮೀಟರ್ ಅಗಲ, 53 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಅದಕ್ಕಾಗಿ ಒಮ್ಮೆ ತಗಡನ್ನು ಕತ್ತರಿಸಿದರೆ ಮೊದಲಿನ ರೂಪ ಮರಳುವುದು ಕಷ್ಟ. ಆದ್ದರಿಂದ ಮಾಡಿದ ಕೆಲಸವನ್ನು ಯಾವಾಗ ಬೇಕಾದರೂ ತೆಗೆದು ಮೂಲಸ್ಥಿತಿಗೆ ತರುವಂತಿರಬೇಕು ಎಂಬುದೇ ಈ ಕಸುಬಿನ ಪ್ರಥಮ ನಿಯಮ.

ಮೂರು ಮಾರ್ಗಗಳು

ಮೊದಲನೆಯದು ಕ್ಯಾಸೆಟ್ ಅಡಾಪ್ಟರ್. ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್‌ನ ಆಕಾರದಲ್ಲಿಯೇ ಇರುವ ಈ ಸಾಧನದೊಳಗೆ ಟೇಪಿನ ಬದಲು ಒಂದು ಕಾಂತೀಯ ಹೆಡ್ ಇರುತ್ತದೆ. ಅದು ಪ್ಲೇಯರಿನ ಹೆಡ್‌ಗೆ ಎದುರಾಗಿ ನಿಂತು ಹಾಡಿನ ಸಂಕೇತವನ್ನು ದಾಟಿಸುತ್ತದೆ. ಪ್ಲೇಯರಿನ ಯಂತ್ರಭಾಗ ತಿರುಗುತ್ತಿರಬೇಕಾದುದರಿಂದ ಸವೆದ ರಬ್ಬರ್ ಬೆಲ್ಟನ್ನು ಮೊದಲು ಬದಲಿಸಬೇಕು. 2016ರಿಂದೀಚೆಗೆ ಅನೇಕ ಮೊಬೈಲ್‌ಗಳಲ್ಲಿ 3.5 ಮಿಲಿಮೀಟರ್ ಹೆಡ್‌ಫೋನ್ ಕಿಂಡಿ ಇಲ್ಲವಾಗಿದೆ. ಅಂತಹವಕ್ಕೆ ಪರಿವರ್ತಕ ಅಥವಾ ಬ್ಲೂಟೂತ್ ಅಡಾಪ್ಟರ್ ಅಗತ್ಯ.

ಎರಡನೆಯದು ಎಫ್‌ಎಂ ಟ್ರಾನ್ಸ್‌ಮಿಟರ್. ಇದು 88ರಿಂದ 108 ಮೆಗಾಹರ್ಟ್ಸ್‌ನೊಳಗಿನ ಖಾಲಿ ತರಂಗಾಂತರದಲ್ಲಿ ಹಾಡನ್ನು ರೇಡಿಯೋಗೆ ತಲುಪಿಸುತ್ತದೆ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದ ಕಾಲದಿಂದ ಈ ಭಾಗದ ಶ್ರೋತೃಗಳಿಗೆ ಪರಿಚಿತವಾದ ಮೀಡಿಯಂ ವೇವ್ ಮಾತ್ರವೇ ಇರುವ ಸೆಟ್ಟಿನಲ್ಲಿ ಈ ಸಾಧನದಿಂದ ಪ್ರಯೋಜನವಿಲ್ಲ. ಇದನ್ನು ತಿಳಿಸದೆ ಮಾರಿದ ಸರಕು ಮರುದಿನವೇ ಅಂಗಡಿಗೆ ಮರಳುತ್ತದೆ.

ಮೂರನೆಯದು ಕುಶಲಿಯ ಕೆಲಸ. ಸೆಟ್ಟನ್ನು ಬಿಚ್ಚಿ, ವಾಲ್ಯೂಮ್ ಕಂಟ್ರೋಲಿಗೆ ಬರುವ ಸಂಕೇತದ ತಂತಿಯಲ್ಲಿ ಒಂದು ಸ್ವಿಚ್ ಅಳವಡಿಸಿ, ಬ್ಲೂಟೂತ್ ಘಟಕದ ಸಂಕೇತವನ್ನು ಕೆಪಾಸಿಟರ್ ಮೂಲಕ ಅಲ್ಲಿಗೆ ಕೊಡಲಾಗುತ್ತದೆ. ಸೆಟ್ಟು ಒಂದೇ ಸ್ಪೀಕರಿನದಾಗಿದ್ದರೆ ಎಡ-ಬಲ ಸಂಕೇತಗಳನ್ನು ನೇರವಾಗಿ ಜೋಡಿಸಬಾರದು. ಪ್ರತಿಯೊಂದಕ್ಕೂ ಸುಮಾರು 1 ಕಿಲೋಓಮ್ ರೆಸಿಸ್ಟರ್ ಹಾಕಿ ಕೂಡಿಸಬೇಕು. ಹೊರಗಿನಿಂದ ಏನೂ ಕಾಣದು. ಧ್ವನಿಯ ದೃಷ್ಟಿಯಿಂದ ಮೂರರಲ್ಲಿ ಇದೇ ಉತ್ತಮ.

ಎಚ್ಚರಿಕೆಯ ಅಂಶಗಳು

ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವೇ ಬಾಡಿಗೆ ಜೋಡಣೆಯಾಗಿರುತ್ತದೆ. ಇದನ್ನು ಪರೀಕ್ಷಿಸದೆ ಇಂದಿನ ಸಾಧನವನ್ನು ಜೋಡಿಸಿದರೆ ಸಾಧನ ಸುಡಬಹುದು, ತಂತಿಗೂ ಬೆಂಕಿ ತಗುಲಬಹುದು. ಅಂತಹ ಕಾರಿಗೆ ಒಳಬರುವ ಹಾಗೂ ಹೊರಹೋಗುವ ವಿದ್ಯುತ್ತನ್ನು ಪ್ರತ್ಯೇಕಿಸುವ ಪರಿವರ್ತಕವೇ ಬೇಕು. ಕೆಲವು ಹಳೆಯ ವಿದೇಶಿ ಕಾರುಗಳ ವ್ಯವಸ್ಥೆ 12 ವೋಲ್ಟ್ ಅಲ್ಲ, 6 ವೋಲ್ಟ್. ಪ್ರತ್ಯೇಕ ಫ್ಯೂಸ್ ಇಲ್ಲದ ಜೋಡಣೆ ಸಲ್ಲದು. ಎಂಜಿನ್ ವೇಗದೊಂದಿಗೆ ಏರುವ ಸದ್ದು ಕೇಳಿಬಂದರೆ ಗ್ರೌಂಡ್ ಲೂಪ್ ಐಸೋಲೇಟರ್ ಪರಿಹಾರ ಒದಗಿಸಬಲ್ಲದು. ಮೂಲ ಸ್ಪೀಕರ್ ಎಷ್ಟು ಓಮ್‌ನದೆಂದು ತಿಳಿಯದೆ ಬೇರೊಂದನ್ನು ಕೂಡಿಸಿದರೆ ಹಳೆಯ ಔಟ್‌ಪುಟ್ ಟ್ರಾನ್ಸಿಸ್ಟರ್ ಹಾಳಾಗುವ ಸಂಭವವಿದೆ. ಅದರ ಬದಲಿ ಸುಲಭವಾಗಿ ದೊರೆಯದು.

ಸ್ಥಳೀಯ ಲೆಕ್ಕಾಚಾರ

ಸಹಕಾರಿ ಸಕ್ಕರೆ ಕಾರ್ಖಾನೆಯ ಹೆಸರಿನೊಂದಿಗೆ ಗುರುತಿಸಲ್ಪಡುವ ತಿಮ್ಮಾಪುರವೂ ಸೇರಿದಂತೆ ಇದು ಕಬ್ಬಿನ ಸೀಮೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಇಲ್ಲಿನ ಆಟೋ ಎಲೆಕ್ಟ್ರಿಷಿಯನ್ನರಿಗೆ ಟ್ರಾಕ್ಟರುಗಳ ದೀಪ, ಡೈನಮೋ, ಸ್ಪೀಕರುಗಳ ಕೆಲಸವೇ ಸಾಕಷ್ಟು. ಹಂಗಾಮು ಮುಗಿದ ಮೇಲೆ ಕೈ ಬಿಡುವಾಗುತ್ತದೆ. ಹಳೆಯ ಕಾರಿನ ಸೆಟ್ಟು ಅವಸರದ ಕೆಲಸವಲ್ಲ. ಬಿಡುವಿನ ತಿಂಗಳುಗಳಿಗೆ ಹೇಳಿ ಮಾಡಿಸಿದಂತಹುದು.

ಆದರೆ ಇದನ್ನೇ ನಂಬಿ ಅಂಗಡಿ ತೆರೆಯುವಷ್ಟು ಗಿರಾಕಿಗಳು ಯಾವ ಒಂದು ತಾಲ್ಲೂಕಿನಲ್ಲಿಯೂ ದೊರೆಯಲಾರರು. ಸರಕಿನ ಮೇಲಿನ ಲಾಭಾಂಶವೂ ಅಲ್ಪ; ಅಡಾಪ್ಟರನ್ನು ಗಿರಾಕಿ ತಾನೇ ಅಂಚೆಯಲ್ಲಿ ತರಿಸಿಕೊಳ್ಳಬಲ್ಲ. ಹಣ ಇರುವುದು ಕುಶಲತೆಯ ಮಜೂರಿಯಲ್ಲಿ. ಕೆಲಸಕ್ಕೆ ಮುನ್ನ ಲಿಖಿತ ಅಂದಾಜು ಕೊಡುವುದು, ಸೆಟ್ಟಿನ ಒಳಭಾಗದ ಛಾಯಾಚಿತ್ರ ತೆಗೆದಿಡುವುದು, ಬಿಚ್ಚಿದ ಭಾಗಗಳನ್ನು ಚೀಟಿ ಸಹಿತ ಮಾಲೀಕರಿಗೆ ಒಪ್ಪಿಸುವುದು, ಮಾಡಿದ ಜೋಡಣೆಯ ನಕ್ಷೆಯೊಂದನ್ನು ಬರೆದುಕೊಡುವುದು ವಿಶ್ವಾಸವನ್ನು ಬೆಳೆಸುವ ಕ್ರಮಗಳು. ಹಳೆಯ ಕಾರಿನವರ ಬಳಗದಲ್ಲಿ ಇಂತಹ ವಿಶ್ವಾಸವೇ ಜಾಹೀರಾತು.

ಇನ್ನೊಂದು ಸಂಗತಿಯೂ ಗಮನಾರ್ಹ. ಟ್ರಾನ್ಸಿಸ್ಟರ್ ರೇಡಿಯೋ ದುರಸ್ತಿಯನ್ನೇ ಕಸುಬಾಗಿ ಮಾಡಿಕೊಂಡಿದ್ದ ಪೀಳಿಗೆಗೆ ಈಗ ವಯಸ್ಸಾಗಿದೆ. ಆ ತಿಳಿವಳಿಕೆ ಬಹುಪಾಲು ಕೈಯಿಂದ ಕೈಗೆ ಬಂದುದು. ಅಂಗಡಿಯ ಮಾಲೀಕರು ಅಂತಹ ಹಿರಿಯರನ್ನು ಗೌರವಧನ ಕೊಟ್ಟು ವಾರಕ್ಕೊಂದು ದಿನ ಕರೆಸಿ ಐಟಿಐ ಮುಗಿಸಿದ ತರುಣರ ಪಕ್ಕದಲ್ಲಿ ಕೂರಿಸಿದರೆ ಆಗುವ ವೆಚ್ಚ ಅಲ್ಪ, ದೊರೆಯುವ ವಿದ್ಯೆ ಬಹಳ. ಹಳೆಯ ಸೆಟ್ಟಿನಲ್ಲಿ ಶ್ರೀಕೃಷ್ಣ ಪಾರಿಜಾತದ ಪದ ಮತ್ತೆ ಕೇಳಿಬರುವುದು ಗಿರಾಕಿಯ ಸಂತೋಷ. ಅದನ್ನು ಕೇಳಿಸಬಲ್ಲ ಕೈಗಳು ಊರಿನಲ್ಲಿಯೇ ಉಳಿಯುವುದು ವ್ಯಾಪಾರದ ಹಿತ.